ಮಂಗಳ ಹಾಡದ ಆಟ: ನಡುವೆ ನಿಂತ ಧಾರಾವಾಹಿ ಮತ್ತು ನೋಡುಗರ ದುಃಖ
(ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಂಗಪರಂಪರೆಯ ಹಿನ್ನೆಲೆಯಲ್ಲಿ)

೧. ವಿಷಯ ಪ್ರವೇಶ

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಆಟ ಮುಗಿಯುವುದು ಬೇರೆ, ಆಟ ನಿಲ್ಲುವುದು ಬೇರೆ. ಗಣಪತಿಯ ಸ್ತುತಿಯಿಂದ ತೊಡಗಿದ ಆಟವು ಬೆಳಗಿನ ಜಾವ ಮಂಗಳದ ಹಾಡಿನೊಡನೆ ಮುಗಿಯುತ್ತದೆ. ಮಳೆಯಿಂದಲೋ ಗಲಾಟೆಯಿಂದಲೋ ನಡುವೆ ನಿಂತ ಆಟ ಮುಗಿದ ಆಟವೆನಿಸುವುದಿಲ್ಲ; ಅದು ಇನ್ನೊಂದು ರಾತ್ರಿಯ ಬಾಕಿಯಾಗಿ ಉಳಿಯುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಾಲದ ಒಂದು ಅನುಭವವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜನರು ಮೆಚ್ಚಿ ನೋಡುತ್ತಿದ್ದ ಕಿರುತೆರೆಯ ಧಾರಾವಾಹಿಯೊಂದು, ಕಥೆ ದಡ ಮುಟ್ಟುವ ಮೊದಲೇ ನಿಂತುಹೋದಾಗ ನೋಡುಗರಿಗೆ ಆಗುವ ದುಃಖವೇ ಆ ಅನುಭವ.

ಕನ್ನಡದಲ್ಲಿ ಇದಕ್ಕೆ ಸಮೀಪದ ಹಾಗೂ ಸ್ಪಷ್ಟವಾದ ನಿದರ್ಶನ 'ಮಗಳು ಜಾನಕಿ'. ಟಿ. ಎನ್. ಸೀತಾರಾಂ ಅವರ ನಿರ್ದೇಶನದ ಈ ಧಾರಾವಾಹಿ ೨೦೧೮ರ ಜುಲೈ ತಿಂಗಳಿನಿಂದ ಕಲರ್ಸ್ ಸೂಪರ್ ವಾಹಿನಿಯಲ್ಲಿ ಪ್ರಸಾರವಾಗತೊಡಗಿ, ೨೦೨೦ರಲ್ಲಿ ಕೋವಿಡ್ ಪಿಡುಗಿನ ದಿಗ್ಬಂಧನದ ಕಾಲದಲ್ಲಿ ಅರ್ಧಕ್ಕೇ ನಿಂತಿತು. ಅದು ಮತ್ತೆ ಆರಂಭವಾಗದೆಂಬ ಸುದ್ದಿ ತಿಳಿದಾಗ ಅನೇಕ ಮನೆಗಳಲ್ಲಿ ಉಂಟಾದ ಖೇದವನ್ನು ನೋಡಿ ನಕ್ಕವರೂ ಇದ್ದರು. ಇಡೀ ಲೋಕವೇ ಸಾವು ನೋವುಗಳಲ್ಲಿ ಮುಳುಗಿರುವಾಗ ಒಂದು ಧಾರಾವಾಹಿಗಾಗಿ ಮರುಗುವುದೇ ಎಂಬ ಪ್ರಶ್ನೆ ಸಹಜವೇ. ಆದರೆ ಆ ಮರುಕದ ಹಿಂದೆ ಕಥೆ ಮತ್ತು ಕೇಳುಗನ ನಡುವಣ ಬಹು ಹಳೆಯ ಒಪ್ಪಂದವೊಂದಿದೆ. ಅದನ್ನು ಅರಿಯಲು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸೀಮೆಯಷ್ಟು ಅನುಕೂಲವಾದ ನೆಲ ಅಪರೂಪ.

೨. ಘಟಪ್ರಭೆಯ ದಂಡೆಯ ಆಟಗಳು

ಘಟಪ್ರಭಾ ನದಿಯ ಆಸುಪಾಸಿನ ಈ ಪ್ರದೇಶ ಕನ್ನಡ ಜನಪದ ರಂಗಭೂಮಿಯ ತವರುಗಳಲ್ಲೊಂದು. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಲಗಿಯ ವ್ಯಾಪ್ತಿಯಲ್ಲಿ ಕುಲಗೋಡ ಗ್ರಾಮವಿದೆ. 'ಶ್ರೀಕೃಷ್ಣ ಪಾರಿಜಾತ'ದ ಮೂಲವನ್ನು ಅಪರಾಳ ತಮ್ಮಣ್ಣನು ರಚಿಸಿದನೆಂದೂ ಅದನ್ನು ರಂಗಕ್ಕೆ ಹೊಂದಿಸಿ ಆಟವಾಗಿ ಬೆಳೆಸಿದವನು ಕುಲಗೋಡ ತಮ್ಮಣ್ಣನೆಂದೂ ಪರಂಪರೆ ಹೇಳುತ್ತದೆ. ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮ ಈ ಆಟದ ಹೆಸರಾಂತ ಕಲಾವಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಸಂಶೋಧನೆಯ ವಸ್ತುವಾಗಿಸಿಕೊಂಡರು; 'ಜೋಕುಮಾರಸ್ವಾಮಿ'ಯಂಥ ನಾಟಕದಲ್ಲಿ ಬಯಲಾಟದ ಹಿಡಿತವನ್ನು ಆಧುನಿಕ ರಂಗಕ್ಕೆ ತಂದರು.

ಪಾರಿಜಾತದ ಕಥೆ ಎಲ್ಲರಿಗೂ ಗೊತ್ತಿರುವಂಥದು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ. ಅದನ್ನು ಕೇಳಿ ಸತ್ಯಭಾಮೆ ಮುನಿಯುತ್ತಾಳೆ. ದೂತಿಯ ಓಡಾಟ, ಕೃಷ್ಣನ ಓಲೈಕೆ, ಕೊರವಂಜಿಯ ಕಣಿ ಇವುಗಳಿಂದ ರಾತ್ರಿ ಬೆಳೆಯುತ್ತದೆ. ನೋಡುವವರು ಮುಂದೇನಾಗುವುದೆಂಬ ಕುತೂಹಲಕ್ಕಾಗಿ ಬಂದವರಲ್ಲ. ಭಾಮೆಯ ಮುನಿಸು ಇಳಿಯುತ್ತದೆ ಎಂಬುದನ್ನು ಬಲ್ಲರು. ಅದು ಈ ರಾತ್ರಿ, ಈ ಭಾಗವತನ ಬಾಯಲ್ಲಿ, ಈ ಪಾತ್ರಧಾರಿಯ ಮಾತಿನಲ್ಲಿ ಹೇಗೆ ಇಳಿಯುತ್ತದೆ ಎಂಬುದನ್ನು ನೋಡಲು ಕುಳಿತಿರುತ್ತಾರೆ. ಸಣ್ಣಾಟವಾದ 'ಸಂಗ್ಯಾ ಬಾಳ್ಯಾ'ದಲ್ಲಿಯೂ ಇದೇ ಸ್ಥಿತಿ. ಸ್ನೇಹದ್ರೋಹದಿಂದ ಕೊಲೆಯಾಗುವುದು ಮೊದಲೇ ತಿಳಿದಿದ್ದರೂ ಜನ ಬೆಳಗಿನವರೆಗೆ ಕದಲುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂಥ ಆಟದ ಕೊನೆ ಊರಿನ ಸೊತ್ತು. ಆಟ ನಡುವೆ ನಿಂತರೂ ಕೊನೆಯನ್ನು ಯಾರೂ ಕಸಿದುಕೊಳ್ಳಲಾರರು. ಅಜ್ಜಿಯು ಮೊಮ್ಮಗಳಿಗೆ ಮನೆಗೆ ಹೋಗುವ ದಾರಿಯಲ್ಲಿಯೇ ಉಳಿದ ಕಥೆಯನ್ನು ಹೇಳಿ ಮುಗಿಸಬಲ್ಲಳು. ಧಾರಾವಾಹಿಯಲ್ಲಿ ಹಾಗಿಲ್ಲ. ಅದರ ಕೊನೆಯು ಬರೆಯುವವನ ಮನಸ್ಸಿನಲ್ಲಿದೆ. ಅದು ಹೊರಗೆ ಬರುವ ಬಾಗಿಲು ವಾಹಿನಿಯ ಕಚೇರಿಯಲ್ಲಿದೆ. ಬಾಗಿಲು ಮುಚ್ಚಿದರೆ ನೋಡುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಂದಿನ ದುಃಖದ ಮೊದಲ ಕಾರಣ ಇದು.

೩. ಅಪೂರ್ಣ ಕೃತಿ ಮತ್ತು ಪೂರಣದ ಪದ್ಧತಿ

ಅಪೂರ್ಣವಾಗಿ ಉಳಿದ ಕೃತಿಗಳು ನಮ್ಮ ಸಾಹಿತ್ಯಕ್ಕೆ ಹೊಸವಲ್ಲ. ಬಾಣಭಟ್ಟನು 'ಕಾದಂಬರಿ'ಯನ್ನು ಮುಗಿಸದೆಯೇ ತೀರಿಕೊಂಡನು. ಉತ್ತರ ಭಾಗವನ್ನು ಆತನ ಮಗ ಪೂರೈಸಿದನು. ಕುಮಾರವ್ಯಾಸನ ಭಾರತ ಹತ್ತು ಪರ್ವಗಳಿಗೆ ನಿಂತಿತು. ವಿಜಯನಗರದ ಕೃಷ್ಣದೇವರಾಯನ (೧೫೦೯-೧೫೨೯) ಆಶ್ರಯದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದನು. ಕಾವ್ಯಗುಣದಲ್ಲಿ ತಿಮ್ಮಣ್ಣನು ಕುಮಾರವ್ಯಾಸನಿಗೆ ಸಮನೆಂದು ಯಾರೂ ಹೇಳುವುದಿಲ್ಲ. ಆದರೂ ಕಥೆ ದಡ ಮುಟ್ಟಬೇಕೆಂಬ ಬಯಕೆ ಅರಮನೆಯಲ್ಲಿಯೂ ಇತ್ತೆಂಬುದಕ್ಕೆ ಆ ಕೃತಿ ಸಾಕ್ಷಿ. ಒಬ್ಬನು ಬಿಟ್ಟದ್ದನ್ನು ಇನ್ನೊಬ್ಬನು ಎತ್ತಿಕೊಂಡು ಮುಗಿಸುವುದು ನಮ್ಮಲ್ಲಿ ಗೌರವದ ಕೆಲಸವಾಗಿತ್ತು.

ಆಧುನಿಕ ಕಾಲದಲ್ಲಿ 'ಧಾರಾವಾಹಿ' ಎಂಬ ಪದ ಮೊದಲು ಬಳಕೆಗೆ ಬಂದದ್ದು ಪತ್ರಿಕೆಗಳ ಮೂಲಕ. ವಾರಪತ್ರಿಕೆಗಳಲ್ಲಿ ಕಂತು ಕಂತಾಗಿ ಬರುತ್ತಿದ್ದ ಕಾದಂಬರಿಗಳನ್ನು ಕಾದು ಓದುವ ದೊಡ್ಡ ವರ್ಗವೊಂದು ಬೆಳೆಯಿತು. ಗೋಕಾಕದಲ್ಲಿ ಅಧ್ಯಾಪಕರಾಗಿ ನೆಲೆಸಿದ್ದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು ಇಂಥ ಓದುಗರ, ಅದರಲ್ಲಿಯೂ ಮಹಿಳೆಯರ, ಮನ್ನಣೆ ಪಡೆದವು; ಅವರ 'ಕುಲವಧು' ೧೯೬೩ರಲ್ಲಿ ಚಲನಚಿತ್ರವೂ ಆಯಿತು. ಇಂದಿನ ಕಿರುತೆರೆಯ ಸಂಸಾರ ಕಥೆಗಳ ನೋಡುಗರು ಆ ಓದುಗರ ಉತ್ತರಾಧಿಕಾರಿಗಳು. ಒಂದು ಭೇದ ಮಾತ್ರ ಉಂಟು. ಪತ್ರಿಕೆಯ ಕಂತು ತಪ್ಪಿದರೂ ಕಾದಂಬರಿ ಪುಸ್ತಕವಾಗಿ ಬರುವ ಭರವಸೆ ಇರುತ್ತಿತ್ತು. ಕಿರುತೆರೆಯ ಕಥೆಗೆ ಪುಸ್ತಕದ ಆಸರೆಯಿಲ್ಲ. ಮೇಲಾಗಿ ಅದು ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಕಟ್ಟಿಗೆ ಒಳಪಟ್ಟದ್ದು; ಹಕ್ಕುದಾರರ ಒಪ್ಪಿಗೆಯಿಲ್ಲದೆ ಇನ್ನೊಬ್ಬ ತಿಮ್ಮಣ್ಣ ಕವಿ ಬಂದು ಅದನ್ನು ಪೂರೈಸುವಂತಿಲ್ಲ. ಬರೆಯುವವರ ಹಿತಕ್ಕೆ ಈ ಕಾಯಿದೆ ಅಗತ್ಯವೇ. ಆದರೆ ಅದರ ಫಲವಾಗಿ ನಿಂತ ಕಥೆ ನಿಂತಲ್ಲಿಯೇ ಉಳಿಯುತ್ತದೆ.

೪. ಕಂತಿನ ಲೆಕ್ಕ

ಸರಕಾರಿ ದೂರದರ್ಶನದ ಕಾಲದಲ್ಲಿ ಧಾರಾವಾಹಿಗಳಿಗೆ ಹದಿಮೂರು ಕಂತುಗಳ ಲೆಕ್ಕದಲ್ಲಿ ಮಂಜೂರಾತಿ ಸಿಗುತ್ತಿತ್ತು. ವಾರಕ್ಕೊಂದರಂತೆ ಹದಿಮೂರು ಕಂತುಗಳೆಂದರೆ ವರ್ಷದ ಕಾಲುಭಾಗ. ಜನರು ಮೆಚ್ಚಿದರೆ ವಿಸ್ತರಣೆ. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಮೂವತ್ತೊಂಬತ್ತು, ಎಂದರೆ ಮೂರು ಹದಿಮೂರು, ಕಂತುಗಳಲ್ಲಿ ನಿಂತದ್ದನ್ನು ಇಲ್ಲಿ ನೆನೆಯಬಹುದು. ಬರೆಯುವವನಿಗೆ ಎಲ್ಲೆ ಗೊತ್ತಿದ್ದುದರಿಂದ ಕೊನೆಯನ್ನು ಮೊದಲೇ ಯೋಚಿಸಲು ಅವಕಾಶವಿತ್ತು.

ನೋಡುಗರ ಒತ್ತಾಯದಿಂದ ಕಥೆ ಮುಂದುವರಿದ ಪ್ರಸಂಗವೂ ಆ ಕಾಲದಲ್ಲಿಯೇ ನಡೆಯಿತು. ರಮಾನಂದ ಸಾಗರರ 'ರಾಮಾಯಣ' ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ಎಪ್ಪತ್ತೆಂಟು ಕಂತುಗಳಲ್ಲಿ ಬಂದು ಪಟ್ಟಾಭಿಷೇಕದೊಡನೆ ಮುಗಿಯುವುದಿತ್ತು. ಲವಕುಶರ ಕಥೆಯಿಲ್ಲದೆ, ಅವರನ್ನು ಸಲಹಿದ ವಾಲ್ಮೀಕಿಯ ಪಾತ್ರವಿಲ್ಲದೆ ರಾಮಾಯಣ ಪೂರ್ಣವಾಗದೆಂದು ಉತ್ತರ ಭಾರತದ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಮುಂದೆ ಉತ್ತರ ರಾಮಾಯಣ ಪ್ರಸಾರವಾಯಿತು. ತಮ್ಮ ಕುಲದ ಋಷಿಯೆಂದು ನಂಬಿದವನ ಪಾಲು ಕಥೆಯಲ್ಲಿ ಕಾಣಬೇಕೆಂದು ದುಡಿಯುವ ಜನ ಬೀದಿಗಿಳಿದು ಗೆದ್ದ ಈ ಪ್ರಸಂಗ, ಕಥೆಯ ಕೊನೆ ಎಂಬುದು ಕೇವಲ ಮನರಂಜನೆಯ ವಿಷಯವಲ್ಲವೆಂಬುದನ್ನು ತೋರಿಸುತ್ತದೆ.

ಕನ್ನಡದಲ್ಲಿ ೧೯೯೦ರ ದಶಕದ ಕೊನೆಗೆ ದೂರದರ್ಶನದಲ್ಲಿ ಬಂದ 'ಮಾಯಾಮೃಗ' ದೈನಿಕ ಧಾರಾವಾಹಿಯ ರುಚಿಯನ್ನು ಮನೆಮನೆಗೆ ಹಚ್ಚಿತು. ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಈ ಕೃತಿಯ ನಂತರ 'ಮನ್ವಂತರ', 'ಮುಕ್ತ' ಮೊದಲಾದವು ಬಂದವು. ೨೦೦೦ದ ಡಿಸೆಂಬರಿನಲ್ಲಿ ಈಟಿವಿ ಕನ್ನಡವೂ ೨೦೦೬ರಲ್ಲಿ ಜೀ ಕನ್ನಡವೂ ಆರಂಭವಾದ ಮೇಲೆ ದೈನಿಕ ಧಾರಾವಾಹಿಯೇ ಕಿರುತೆರೆಯ ಮುಖ್ಯ ರೂಪವಾಯಿತು. ವಾರಕ್ಕೆ ಐದರಂತೆ ವರ್ಷಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಕಂತುಗಳು. ಈ ರೂಪಕ್ಕೆ ಒಳಗಿನಿಂದ ಹುಟ್ಟುವ ಕೊನೆಯೇ ಇಲ್ಲ. ಗೆದ್ದ ಕಥೆಯನ್ನು ಎಳೆಯುತ್ತಾರೆ, ಸೋತ ಕಥೆಯನ್ನು ಕಡಿಯುತ್ತಾರೆ. ಎರಡೂ ಸಂದರ್ಭಗಳಲ್ಲಿ ಕೊನೆಯನ್ನು ನಿರ್ಧರಿಸುವುದು ಕಥೆಯ ಹೊರಗಿನ ಕಾರಣ.

೫. ಎಣಿಕೆಗೆ ಸಿಗದ ನೋಡುಗ

ಆ ಹೊರಗಿನ ಕಾರಣಗಳಲ್ಲಿ ಮುಖ್ಯವಾದುದು ಟಿಆರ್‌ಪಿ ಎಂದು ರೂಢಿಯಾದ ನೋಡುಗರ ಅಳತೆ. ಆಯ್ದ ಕೆಲವು ಮನೆಗಳ ಟಿವಿಗಳಿಗೆ ಮೀಟರು ಜೋಡಿಸಿ, ಯಾವ ಹೊತ್ತಿನಲ್ಲಿ ಯಾವ ವಾಹಿನಿಯನ್ನು ನೋಡುತ್ತಾರೆಂಬುದನ್ನು ದಾಖಲಿಸಿ, ಅದರಿಂದ ಎಲ್ಲ ಮನೆಗಳ ಅಂದಾಜು ಮಾಡುತ್ತಾರೆ. ಈ ಅಂಕಿ ಪ್ರತಿ ವಾರ ಹೊರಬೀಳುತ್ತದೆ. ಜಾಹೀರಾತಿನ ದರ ಅದನ್ನು ಅವಲಂಬಿಸಿದೆ. ನಿರ್ಮಾಪಕನಿಗೆ ಕಂತಿಗಿಷ್ಟೆಂದು ವಾಹಿನಿ ಕೊಡುವ ಹಣ ಆ ಜಾಹೀರಾತಿನಿಂದ ಬರಬೇಕು.

ಈ ಅಳತೆಯಲ್ಲಿ ನಮ್ಮ ಸೀಮೆಯ ಸ್ಥಾನವೇನು? ೨೦೧೫ಕ್ಕೆ ಮೊದಲು ಬಹುಕಾಲ ಈ ಮೀಟರುಗಳು ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿದ್ದವು. ೨೦೧೧ರ ಜನಗಣತಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರರಲ್ಲಿ ಯಾವ ಊರೂ ಒಂದು ಲಕ್ಷ ಮುಟ್ಟಿರಲಿಲ್ಲ. ಹಳ್ಳಿಗಳ ಮಾತು ಹೇಳಬೇಕಾಗಿಯೇ ಇಲ್ಲ. ಎಂದರೆ, ಕನ್ನಡ ಧಾರಾವಾಹಿಗಳು ಜನರ ಸಂಜೆಯನ್ನು ಆಕ್ರಮಿಸಿಕೊಂಡ ಮೊದಲ ಹದಿನೈದು ವರ್ಷಗಳಲ್ಲಿ ಇಲ್ಲಿಯ ನೋಡುಗನು ನೋಡುತ್ತಿದ್ದನೇ ಹೊರತು ಎಣಿಕೆಗೆ ಸಿಗುತ್ತಿರಲಿಲ್ಲ. ೨೦೧೫ರಲ್ಲಿ ಬಾರ್ಕ್ ಸಂಸ್ಥೆಯ ಅಳತೆ ಆರಂಭವಾಗಿ ಅದೇ ವರ್ಷದ ಅಕ್ಟೋಬರಿನಿಂದ ಗ್ರಾಮೀಣ ಭಾಗವೂ ಲೆಕ್ಕಕ್ಕೆ ಬಂತು. ಆದರೂ ೨೦೨೦ರ ಸುಮಾರಿಗೆ ದೇಶದ ೧೯.೭ ಕೋಟಿ ಟಿವಿ ಮನೆಗಳಿಗೆ ಮೀಟರುಳ್ಳ ಮನೆಗಳು ೪೪,೦೦೦ದಷ್ಟು. ಸರಾಸರಿ ಒಂದು ಮನೆ ಸುಮಾರು ೪,೫೦೦ ಮನೆಗಳ ಪರವಾಗಿ ನೋಡಬೇಕು.

ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಮೀಟರು ಎಷ್ಟು ಮನೆಗಳೆಂದು ಹೇಳಬಲ್ಲುದು. ಎಷ್ಟು ಮನಸ್ಸಿಟ್ಟು ನೋಡುತ್ತಾರೆಂದು ಹೇಳಲಾರದು. ಬಯಲಾಟದ ಭಾಗವತನಿಗೆ ಎದುರಿಗೆ ಕುಳಿತವರ ಮುಖ ಕಾಣುತ್ತದೆ. ಜನ ತೂಕಡಿಸಿದರೆ ಹಾಸ್ಯದ ಪಾತ್ರವನ್ನು ಕರೆಸುತ್ತಾನೆ. ಕಣ್ಣೀರು ಕಂಡರೆ ಹಾಡನ್ನು ಬೆಳೆಸುತ್ತಾನೆ. ವೃತ್ತಿ ನಾಟಕ ಕಂಪನಿಗಳಲ್ಲಿಯೂ ಊರವರ ಅಪೇಕ್ಷೆಗೆ ತಕ್ಕಂತೆ ಮುಕ್ಕಾಮು ಬೆಳೆಯುತ್ತಿತ್ತು. ಕೊನೆಯ ಆಟವೆಂದು ಸಾರಿದ ಮೇಲೂ ಇನ್ನೊಂದು ಆಟ ಆಗುತ್ತಿತ್ತು. ಕಿರುತೆರೆಯ ನೋಡುಗನಿಗೆ ಇಂಥ ಮುಖಾಮುಖಿಯ ಅವಕಾಶವಿಲ್ಲ. ಅವನ ದುಃಖದ ಎರಡನೆಯ ಕಾರಣ ಈ ನಿಸ್ಸಹಾಯಕತೆ.

೬. ೨೦೨೦ರ ವಸಂತ

'ಮಗಳು ಜಾನಕಿ' ಅತ್ತೆ ಸೊಸೆಯರ ಒಳಸಂಚಿನ ಜಾಡನ್ನು ಬಿಟ್ಟು, ಗಾನವಿ ಲಕ್ಷ್ಮಣ್ ನಿರ್ವಹಿಸಿದ ಜಾನಕಿಯೆಂಬ ತರುಣಿಯು ಪೊಲೀಸ್ ಅಧಿಕಾರಿಯಾಗಿ ನಿಲ್ಲುವ ಕಥೆಯನ್ನು ಹೇಳುತ್ತಿತ್ತು. ಸೀತಾರಾಂ ಅವರ ಹಿಂದಿನ ಧಾರಾವಾಹಿಗಳಂತೆ ಇಲ್ಲಿಯೂ ನ್ಯಾಯ, ರಾಜಕಾರಣ, ಮಧ್ಯಮವರ್ಗದ ಮರ್ಯಾದೆಯ ಪ್ರಶ್ನೆಗಳಿದ್ದವು. ಮಾತಿಗೆ ಬೆಲೆಯಿತ್ತು, ಮೌನಕ್ಕೂ ಸ್ಥಳವಿತ್ತು. ಓದುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ತಾಯಿ ಮಗಳು ಒಟ್ಟಿಗೆ ಕುಳಿತು ನೋಡಬಹುದಾದ ಕಥೆ ಅದು.

೨೦೨೦ರ ಮಾರ್ಚ್ ೨೫ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂತು. ದೈನಿಕ ಧಾರಾವಾಹಿಗಳು ಕೆಲವೇ ದಿನಗಳ ಕಂತುಗಳನ್ನು ಮುಂಗಡವಾಗಿ ಇಟ್ಟುಕೊಂಡಿರುತ್ತವೆ. ಚಿತ್ರೀಕರಣ ನಿಂತೊಡನೆ ಪ್ರಸಾರವೂ ನಿಂತಿತು. ಜಾಹೀರಾತು ಕುಸಿಯಿತು. ಮೇ ತಿಂಗಳಲ್ಲಿ ನಿಬಂಧನೆಗಳೊಡನೆ ಒಳಾಂಗಣ ಚಿತ್ರೀಕರಣಕ್ಕೆ ರಾಜ್ಯದಲ್ಲಿ ಅನುಮತಿ ದೊರೆತು ಹಲವು ಧಾರಾವಾಹಿಗಳು ಮರಳಿದವು. ಕೆಲವು ಮರಳಲಿಲ್ಲ. 'ಮಗಳು ಜಾನಕಿ' ಮರಳದವುಗಳ ಸಾಲಿಗೆ ಸೇರಿತು. ಅದೇ ಹೊತ್ತಿಗೆ, ಹಲವು ದಶಕಗಳ ವಿರೋಧದ ನಂತರ, ಡಬ್ಬಿಂಗ್ ಆದ ಪೌರಾಣಿಕ ಧಾರಾವಾಹಿಗಳು ಕನ್ನಡದ ವಾಹಿನಿಗಳಿಗೆ ಬಂದವು. ದೂರದರ್ಶನದಲ್ಲಿ ಮಾರ್ಚ್ ೨೮ರಿಂದ ಹಳೆಯ 'ರಾಮಾಯಣ' ಮರುಪ್ರಸಾರವಾಯಿತು. ಮೂವತ್ತು ವರ್ಷಗಳ ಹಿಂದೆ ಮುಗಿದ ಕಥೆ ಮತ್ತೊಮ್ಮೆ ಮುಗಿಯುತ್ತಿದ್ದಾಗ, ನಿನ್ನೆ ಮೊನ್ನೆಯವರೆಗೆ ನಡೆಯುತ್ತಿದ್ದ ಕಥೆ ಮುಗಿಯದೆ ಹೋದದ್ದು ಆ ವಸಂತದ ವೈಚಿತ್ರ್ಯ.

ಆ ವಸಂತದಲ್ಲಿ ಜಾತ್ರೆಗಳೂ ನಿಂತಿದ್ದವೆಂಬುದನ್ನು ಮರೆಯಬಾರದು. ಸುಗ್ಗಿ ಮುಗಿದ ಮೇಲಿನ ಜಾತ್ರೆಯ ಋತುವೇ ಪಾರಿಜಾತ, ಸಣ್ಣಾಟ, ನಾಟಕ ಮಂಡಳಿಗಳ ಅನ್ನದ ಋತು. ಬಯಲಿನ ಆಟ ನಿಂತಾಗ ಕಲಾವಿದನ ಒಲೆ ಆರಿತು. ತೆರೆಯ ಆಟ ನಿಂತಾಗ ತಂತ್ರಜ್ಞರ, ಸಣ್ಣ ಪಾತ್ರಧಾರಿಗಳ ದಿನಗೂಲಿ ತಪ್ಪಿತು. ನೋಡುಗರ ದುಃಖವನ್ನು ಕುರಿತು ಮಾತನಾಡುವಾಗ ಇವರ ಕಷ್ಟವೇ ದೊಡ್ಡದೆಂಬ ವಿವೇಕ ನಮಗಿರಬೇಕು. ಆದರೆ ದೊಡ್ಡ ನೋವು ಇದ್ದಾಗ ಸಣ್ಣ ನೋವು ಇಲ್ಲವಾಗುವುದಿಲ್ಲ. ಹೊರಗೆ ಹೋಗದೆ, ಯಾರೂ ಮನೆಗೆ ಬಾರದೆ ಕುಳಿತ ವೃದ್ಧರಿಗೆ ದಿನವೂ ಮನೆಗೆ ಬರುತ್ತಿದ್ದ ಅತಿಥಿಗಳು ಈ ಪಾತ್ರಗಳು. ಅವರೂ ಹೇಳದೆ ಕೇಳದೆ ಹೊರಟುಹೋದರು.

೭. ದುಃಖದ ಸ್ವರೂಪ

ನೋಡುಗನಿಗೂ ತೆರೆಯ ವ್ಯಕ್ತಿಗೂ ನಡುವೆ ಬೆಳೆಯುವ ಏಕಮುಖವಾದ ಆತ್ಮೀಯತೆಯನ್ನು ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ೧೯೫೬ರಷ್ಟು ಹಿಂದೆಯೇ ವಿವರಿಸಿದ್ದರು. ಪಾತ್ರವು ನಮ್ಮನ್ನು ಅರಿಯದು. ಆದರೆ ನಾವು ಅದನ್ನು ನೆರೆಯವರಂತೆ ಅರಿತಿರುತ್ತೇವೆ. ಇನ್ನೊಬ್ಬ ವಿದ್ವಾಂಸ ಕೆನೆತ್ ಡೋಕಾ ೧೯೮೯ರಲ್ಲಿ, ಸಮಾಜವು ದುಃಖವೆಂದು ಒಪ್ಪದ ದುಃಖಗಳ ವಿಷಯವನ್ನು ಎತ್ತಿದರು. ಅತ್ತರೆ ನಗುವರೆಂಬ ಅಂಜಿಕೆಯಿಂದ ಒಳಗೇ ಉಳಿಯುವ ದುಃಖ ಅದು. ಧಾರಾವಾಹಿಯ ನೋಡುಗರ ದುಃಖ ಈ ಎರಡೂ ಲಕ್ಷಣಗಳನ್ನು ಕೂಡಿಕೊಂಡಿದೆ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಕಾನನ್ ಡಾಯ್ಲ್ ೧೮೯೩ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಕೊಂದಾಗ ಓದುಗರು ಸಿಟ್ಟಿಗೆದ್ದರು. ಹತ್ತು ವರ್ಷಗಳ ನಂತರ ಆತನನ್ನು ಬದುಕಿಸಬೇಕಾಯಿತು. ಅಮೆರಿಕದ 'ಸ್ಟಾರ್ ಟ್ರೆಕ್' ರದ್ದಾಗುವ ಸೂಚನೆ ಸಿಕ್ಕಾಗ ನೋಡುಗರು ಕಾಗದಗಳ ಮಳೆ ಸುರಿಸಿ ಮೂರನೆಯ ವರ್ಷವನ್ನು ಗಳಿಸಿಕೊಂಡರು. ಆದರೂ ೧೯೬೯ರಲ್ಲಿ ಎಪ್ಪತ್ತೊಂಬತ್ತು ಕಂತುಗಳಿಗೆ ಅದು ನಿಂತಿತು. ಮುಂದೆ ಅದು ಚಲನಚಿತ್ರಗಳಾಗಿ, ಹೊಸ ಸರಣಿಗಳಾಗಿ ಮರಳಿದ್ದು ಆ ನೋಡುಗರ ನಿಷ್ಠೆಯ ಬಲದಿಂದ. ಕನ್ನಡದ ಮಾರುಕಟ್ಟೆ ಚಿಕ್ಕದು. ಇಲ್ಲಿ ಅಂಥ ಮರುಹುಟ್ಟು ಸುಲಭವಲ್ಲ. ಆದಕಾರಣ ನಮ್ಮ ನೋಡುಗರ ಖೇದದಲ್ಲಿ ಒಂದು ಭಾಷಿಕ ಆತಂಕವೂ ಬೆರೆತಿದೆ. ಮರಾಠಿಯ ವಾಹಿನಿಗಳೂ ಒಂದು ಗುಂಡಿಯ ಅಂತರದಲ್ಲಿ ಸಿಗುವ ಗಡಿಜಿಲ್ಲೆಯಲ್ಲಿ, ಒಂದು ಒಳ್ಳೆಯ ಕನ್ನಡ ಧಾರಾವಾಹಿ ನಿಂತರೆ ನೋಡುಗನು ಟಿವಿಯನ್ನು ಬಿಡದೆ ಭಾಷೆಯನ್ನು ಬಿಡುವ ಸಾಧ್ಯತೆಯಿದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಸಂಗ್ರಹಿಸಬಹುದು. ನಡುವೆ ನಿಂತ ಧಾರಾವಾಹಿಯ ದುಃಖಕ್ಕೆ ಕಥೆಯ ಕೊನೆ ನೋಡುಗನ ಕೈತಪ್ಪಿರುವುದು ಒಂದು ಕಾರಣ. ಅವನ ಮೆಚ್ಚುಗೆ ನಿರ್ಧಾರ ಮಾಡುವವರಿಗೆ ಕಾಣದಿರುವುದು ಇನ್ನೊಂದು. ಆ ದುಃಖವನ್ನು ಹೇಳಿಕೊಳ್ಳಲು ಸಮಾಜದಲ್ಲಿ ಸ್ಥಳವಿಲ್ಲದಿರುವುದು ಮೂರನೆಯದು. ಇವುಗಳಲ್ಲಿ ಮೊದಲನೆಯದಕ್ಕಾದರೂ ಪರಿಹಾರ ಕಷ್ಟವಲ್ಲ. ಹಣಕಾಸಿನ ಕಾರಣದಿಂದ ಕಥೆಯನ್ನು ನಿಲ್ಲಿಸುವುದು ಅನಿವಾರ್ಯವಾದರೆ, ಒಂದೆರಡು ಕಂತುಗಳಲ್ಲಿ ಅದನ್ನು ದಡ ಸೇರಿಸುವ ಸೌಜನ್ಯವನ್ನು ವಾಹಿನಿಗಳು ಪಾಲಿಸಬಹುದು. ಅದೂ ಆಗದಿದ್ದರೆ ಉಳಿದ ಕಥೆಯನ್ನು ಲೇಖಕರು ಬರಹದಲ್ಲಿ ಪ್ರಕಟಿಸಲು ಒಪ್ಪಂದದಲ್ಲಿಯೇ ಅವಕಾಶವಿರಬೇಕು. ಕನ್ನಡ ಧಾರಾವಾಹಿಗಳ ಸಂಭಾಷಣೆಯ ಹಸ್ತಪ್ರತಿಗಳನ್ನು ಬಯಲಾಟದ ಹಸ್ತಪ್ರತಿಗಳಂತೆಯೇ ಸಂಗ್ರಹಿಸಿಡುವ ಕೆಲಸವನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬೇಕು. ಕುಲಗೋಡ ತಮ್ಮಣ್ಣನ ಆಟ ಇಂದಿಗೂ ಉಳಿದಿರುವುದು ಅದನ್ನು ಬಾಯಲ್ಲಿ ಇಟ್ಟುಕೊಂಡವರು, ಬರೆದಿಟ್ಟುಕೊಂಡವರು ಊರೂರಲ್ಲಿ ಇದ್ದುದರಿಂದ. ಐನೂರು ಸಾವಿರ ಕಂತುಗಳ ಕಿರುತೆರೆಯ ಕೃತಿಗಳಿಗೆ ಅಂಥ ಯಾವ ಕಾವಲೂ ಇಲ್ಲ.

ಪಾರಿಜಾತದ ಆಟದಲ್ಲಿ ಭಾಮೆಯ ಮುನಿಸು ಇಳಿಯದೆ ಬೆಳಗಾಗುವುದಿಲ್ಲವೆಂಬ ನಂಬಿಕೆಯಿಂದ ಈ ಸೀಮೆಯ ಜನ ತಲೆಮಾರುಗಳವರೆಗೆ ರಾತ್ರಿಯೆಲ್ಲ ಎಚ್ಚರಿದ್ದು ಕುಳಿತರು. ಕಥೆಯನ್ನು ಆರಂಭಿಸಿದವರು ಮುಗಿಸುವರೆಂಬ ಅದೇ ನಂಬಿಕೆಯನ್ನು ಅವರು ಕಿರುತೆರೆಯ ಮುಂದೆಯೂ ಇಟ್ಟರು. ಆ ನಂಬಿಕೆಗೆ ಉತ್ತರವಾಗಿ ಒಂದು ಮಂಗಳವನ್ನಾದರೂ ಹಾಡುವುದು ಕಥೆ ಹೇಳುವವರೆಲ್ಲರ ಮೇಲಿನ ಋಣ.